ಕೈ ತೊಳೆದುಕೊಂಡು ಕಜ್ಜಿಯ ಹಿಂದೆ

ಈ ಜನ್ಮದಲ್ಲಿ ಯಾವ ಡಾಕ್ಟರ ಬಾಗಿಲನ್ನೂ ತಟ್ಟುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಬಲಗೈಯ ಉಂಗುರದ ಬೆರಳಿನ ಪಕ್ಕ ಸಾಸಿವೆ ಕಾಳಿನಷ್ಟು ದೊಡ್ಡದೊಂದು ನೀರುಗುಳ್ಳೆ ಕಾಣಿಸಿಕೊಂಡ ದಿನ.

ಯಾಕೆ ತಟ್ಟಬೇಕು ಹೇಳಿ? ನಾನು ಕೆಲಸ ಮಾಡುವುದು ಸಾರ್ವಜನಿಕ ಗ್ರಂಥಾಲಯದಲ್ಲಿ. ಹರಿದ ಪುಸ್ತಕಗಳ ದುರಸ್ತಿ ವಿಭಾಗಕ್ಕೆ ನಾನೇ ಮುಖ್ಯಸ್ಥ. ಆ ವಿಭಾಗದ ಸಿಬ್ಬಂದಿಯೂ ನಾನೇ. ಇಪ್ಪತ್ತೆರಡು ವರ್ಷಗಳಿಂದ ಬೆನ್ನು ಮುರಿದವು, ಹೊಟ್ಟೆ ಬಿರಿದವು, ಕಿವಿ ಮಡಚಿಕೊಂಡವು, ಎಲ್ಲವೂ ನನ್ನ ಮೇಜಿನ ಮೇಲೆ ಮಲಗಿ ಗುಣವಾಗಿ ಎದ್ದು ಹೋಗಿವೆ. ವೈದ್ಯಕೀಯ ವಿಶ್ವಕೋಶದ ನಾಲ್ಕು ಸಂಪುಟಗಳನ್ನು ಬಿಚ್ಚಿ ಮತ್ತೆ ಹೊಲಿದವನು ನಾನು! ಡಾಕ್ಟರುಗಳಾದರೋ ಅಂಥದ್ದನ್ನು ಬರೀ ಓದಿದವರು. ಓದಿದವರು ಹೆಚ್ಚೋ, ಹೊಲಿದವನು ಹೆಚ್ಚೋ?

ಈ ಪ್ರಶ್ನೆಯನ್ನು ಹೆಂಡತಿಯ ಮುಂದಿಟ್ಟೆ. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರು ಸ್ಟಿಯರಿಂಗ್ ಹಿಡಿದಿದ್ದರೂ ಪಕ್ಕದಲ್ಲಿ ಕುಳಿತ ಅವಳ ಕಾಲಡಿ ಇನ್ನೊಂದು ಬ್ರೇಕ್ ಇರುತ್ತದೆ. ನಮ್ಮ ಸಂಸಾರವೂ ಅದೇ ಮಾದರಿಯ ವಾಹನ.

"ರೀ, ಎಷ್ಟು ಹೊತ್ತಿನಿಂದ ಕೈ ಕೆರ್ಕೋತಾ ಇದ್ದೀರಾ! ಒಂದ್ಸಲ ಡಾಕ್ಟರಿಗೆ ತೋರಿಸ್ಬಾರ್ದಾ?"

"ನನ್ನ ಕೈ, ನನ್ನ ಗುಳ್ಳೆ, ನನ್ನ ಔಷಧಿ. ನೀನು ಮಧ್ಯೆ ಬರಬೇಡ."

"ಸರಿಯಪ್ಪ, ನಾನು ಬರಲ್ಲ. ಗುಳ್ಳೆ ಬರುತ್ತೆ."

ಬಂತು! ಒಂದೇ ವಾರದಲ್ಲಿ ಬಂಧುಬಳಗ ಸಮೇತ ಬಂತು. ನಾಲ್ಕು ಬೆರಳುಗಳ ಸಂದಿಗಳಲ್ಲಿ ಬೀಡುಬಿಟ್ಟು, ಮಣಿಕಟ್ಟಿಗೆ ಇಳಿದು, ಎಡಗೈಯಲ್ಲೂ ಶಾಖೆ ತೆರೆಯಿತು. ಚರ್ಮ ಕೆಂಪಾಯಿತು, ಒರಟಾಯಿತು, ಬಿರಿಯಿತು. ತುರಿಕೆಯಂತೂ ಹೇಳತೀರದು. ಬಾಚಣಿಗೆಯಿಂದ ಕೆರೆದೆ, ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ, ಬಾಗಿಲ ಚೌಕಟ್ಟಿಗೆ ಉಜ್ಜಿ ಕೆರೆದೆ. ಕೆರೆಯುವಾಗ ಸಿಗುವ ಆ ಸುಖಕ್ಕೆ ರಾಜ್ಯವನ್ನೇ ಬರೆದುಕೊಡಬಹುದು. ನಿಲ್ಲಿಸಿದ ಮರುಕ್ಷಣದ ಉರಿಗೆ ಬರೆದುಕೊಟ್ಟ ರಾಜ್ಯ ವಾಪಸ್ ಕೇಳಬೇಕು. ಕೆರೆದೂ ಕೆರೆದೂ ಗುಳ್ಳೆಗಳೊಡೆದು ನೀರು ತುಂಬಿ, ಕೊನೆಗೆ ಅಂಗೈಯೇ ಒಂದು ಕೆರೆಯಾಯಿತು!

ಆಗ ನನ್ನ ಅತ್ತೆ ಪ್ರವೇಶ ಮಾಡಿದರು. ಹೆಂಡತಿಯ ತಾಯಿ. ಮೂವತ್ತು ವರ್ಷ ಚರ್ಮದ ಚೀಲಗಳ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ನಿವೃತ್ತರಾದ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಮಾತು ಕಡಿಮೆ. ಆಡಿದರೆ ಮಾತ್ರ ಸೂಜಿ ಚುಚ್ಚಿ ಎಳೆದ ಹಾಗೆ. ಅವರು ನನ್ನ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಬೆರಳು ಮಡಚಿ, ಬಿಡಿಸಿ, ಹೆಬ್ಬೆರಳಿನಿಂದ ಸವರಿ ನೋಡಿದರು.

"ಅಳಿಯಂದಿರೇ, ಚರ್ಮ ಒಣಗಿಹೋಗಿದೆ. ಪದೇ ಪದೇ ತೊಳೀಬೇಡಿ. ಜಿಡ್ಡು ಏನಾದ್ರೂ ಹಚ್ಚಿ ಬಿಟ್ಬಿಡಿ. ನೀವು ಬಳಸೋ ಆ ಅಂಟು ಒಂದು ನಾಲ್ಕು ದಿನ ಮುಟ್ಬೇಡಿ."

ನಾನು ಕರುಣೆಯಿಂದ ನಕ್ಕೆ. "ಅತ್ತೆ, ಇದು ಮನುಷ್ಯರ ಚರ್ಮ. ಹೆಗಲಿಗೆ ಹಾಕೋ ಚೀಲ ಅಲ್ಲ."

"ಹೌದು, ಚೀಲ ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು" ಎಂದು ಅವರು ಎದ್ದು ಹೋದರು.

ಮರುದಿನವೇ ಗ್ರಂಥಾಲಯದಲ್ಲಿ ವೈದ್ಯಕೀಯ ವಿಶ್ವಕೋಶವನ್ನು ಮೇಜಿಗೆ ತಂದೆ. ನಾಲ್ಕೂ ಸಂಪುಟಗಳಲ್ಲಿ ಚರ್ಮದ ಕಾಯಿಲೆ ಎಂದು ಕಂಡದ್ದನ್ನೆಲ್ಲ ಓದಿದೆ. ಗಜಕರ್ಣ ದುಂಡಗಿರುತ್ತದಂತೆ; ನನ್ನದಕ್ಕೆ ಆಕಾರವೇ ಇಲ್ಲ. ಸರ್ಪಸುತ್ತು ಒಂದೇ ಪಕ್ಕಕ್ಕಂತೆ. ನನ್ನದು ಎರಡೂ ಕಡೆ. ಕಜ್ಜಿಗೆ ಬಂದೆ ನೋಡಿ, ಮೈಮೇಲಿನ ರೋಮವೆಲ್ಲ ನಿಂತಿತು! ಬೆರಳ ಸಂದಿಯಲ್ಲಿ ಬರುತ್ತದೆ. ನನಗೂ ಬಂದಿದೆ! ಮಣಿಕಟ್ಟಿನಲ್ಲಿ ಬರುತ್ತದೆ. ಬಂದಿದೆ! ಮಲಗಿದಾಗ ತುರಿಕೆ ಹೆಚ್ಚು. ಹೆಚ್ಚು! ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಸುರಂಗ ತೋಡುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲೆಲ್ಲೂ ಸುರಂಗ! ಅವುಗಳಲ್ಲಿ ಮೂರು ನನ್ನ ಆಯುಷ್ಯರೇಖೆ, ಬುದ್ಧಿರೇಖೆ, ಹೃದಯರೇಖೆ ಎಂದು ಆಮೇಲೆ ತಿಳಿಯಿತು. ಬುದ್ಧಿರೇಖೆ ನಡುವೆ ತುಂಡಾಗಿತ್ತು.

ಲೇಖನದ ಕೊನೆಯಲ್ಲಿ ದಪ್ಪಕ್ಷರದ ಎಚ್ಚರಿಕೆ ಇತ್ತು: ಇದು ಅಂಟುರೋಗ, ಮನೆಯವರೆಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ಅಂದು ಸಂಜೆ ಊಟದ ಮೇಜಿನ ತುದಿಯಲ್ಲಿ ಎದ್ದು ನಿಂತು ಘೋಷಿಸಿದೆ: "ಈ ಕ್ಷಣದಿಂದ ಈ ಮನೆಯಲ್ಲಿ ತುರ್ತು ಪರಿಸ್ಥಿತಿ!"

"ತುರ್ತು ಅಲ್ಲಾರೀ, ತುರಿ ಪರಿಸ್ಥಿತಿ" ಎಂದಳು ಹೆಂಡತಿ.

"ತಮಾಷೆ ಮಾಡಬೇಡ. ನನಗೆ ಬಂದಿರೋದು ಕಜ್ಜಿ. ಹುಳ! ಈಗ ಹೇಳಿ, ನಿಮ್ಮಿಬ್ಬರಲ್ಲಿ ಯಾರಿಗೆ ತುರಿಕೆ ಇದೆ?"

ಯಾರಿಗೂ ಇರಲಿಲ್ಲ. ಆದರೆ ಹುಳದ ಎಂಟು ಕಾಲು, ಅದರ ನಡಿಗೆ, ಅದು ಮೊಟ್ಟೆಯಿಡುವ ಕ್ರಮ, ಇವನ್ನೆಲ್ಲ ನಾನು ವಿವರಿಸುತ್ತಾ ಹೋದಂತೆ ಹೆಂಡತಿಯ ಕೈ ಮೆಲ್ಲಗೆ ಕುತ್ತಿಗೆಗೆ ಹೋಯಿತು. ಅತ್ತೆ ಮೊಣಕೈ ಮುಟ್ಟಿಕೊಂಡರು.

"ನೋಡಿದ್ಯಾ! ನೋಡಿದ್ಯಾ!" ಎಂದು ಕುಣಿದೆ.

"ನೀವು ಇನ್ನೈದು ನಿಮಿಷ ಮಾತಾಡಿದ್ರೆ ಈ ಕುರ್ಚಿನೂ ಕೆರ್ಕೊಳ್ಳುತ್ತೆ ರೀ!"

ರೋಗ ಸಿಕ್ಕ ಮೇಲೆ ಅದನ್ನು ತಂದವರೂ ಸಿಗಬೇಕಲ್ಲ? ಅಲ್ಲಿ ನಾನು ಆಡಬಾರದ ಮಾತೊಂದನ್ನು ಆಡಿದೆ. ಹಿಂದಿನ ತಿಂಗಳು ಅತ್ತೆ ತಮ್ಮ ಹಳೆಯ ಕಾರ್ಖಾನೆಯ ಗೆಳತಿಯರ ಜೊತೆ ನಾಲ್ಕು ದಿನದ ಪ್ರವಾಸ ಹೋಗಿ ಯಾವುದೋ ಹೋಟೆಲಿನ ಹಾಸಿಗೆಯಲ್ಲಿ ಮಲಗಿ ಬಂದಿದ್ದರು. "ಅತ್ತೆ, ಬೇಜಾರು ಮಾಡ್ಕೋಬೇಡಿ. ನಿಮ್ಮಿಂದಲೇ ಬಂದಿರಬೇಕು" ಎಂದೆ. ಅವರು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟು, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಹೆಂಡತಿ ನನ್ನನ್ನು ನೋಡಿದ ನೋಟದಲ್ಲಿ ಬ್ರೇಕ್ ಇತ್ತು. ನಾನು ನಿಲ್ಲಲಿಲ್ಲ.

ಹುಳ ನಿರ್ಮೂಲನ ಕಾರ್ಯಾಚರಣೆ ಭಾನುವಾರ ಬೆಳಿಗ್ಗೆ ಆರಂಭವಾಯಿತು. ಔಷಧದಂಗಡಿಯಿಂದ ಕಜ್ಜಿಯ ಲೋಷನ್ ತಂದು ಮೂವರೂ ಕತ್ತಿನಿಂದ ಕಾಲ್ಬೆರಳಿನವರೆಗೆ ಬಳಿದುಕೊಂಡೆವು. ಒಂದು ಸಲ ಹಚ್ಚಿ ಒಂದು ವಾರ ಬಿಡಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ನಾನು ಮೂರು ದಿನ ಒಂದೇ ಸಮನೆ ಹಚ್ಚಿಕೊಂಡೆ. ಶತ್ರುವಿಗೆ ಉಸಿರಾಡಲು ಬಿಡಬಾರದಲ್ಲ! ಹೆಂಡತಿಯ ಕಾರಿನಲ್ಲಿ ಕಲಿಯುವವರು ಆ ವಾಸನೆಗೆ ನಾಲ್ಕೂ ಗಾಜು ಇಳಿಸಿ, ತಲೆ ಹೊರಗಿಟ್ಟೇ ಗೇರು ಬದಲಿಸಿದರಂತೆ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಪರದೆ, ಟವೆಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಹಾಗೆ ಕೈಗೆ ಸಿಕ್ಕಿದ್ದರಲ್ಲಿ ಅತ್ತೆಯ ಉಣ್ಣೆಯ ಕೋಟೂ ಇತ್ತು. ಅವರು ನಿವೃತ್ತರಾದ ದಿನ ಕಾರ್ಖಾನೆಯ ಗೆಳತಿಯರೆಲ್ಲ ಸೇರಿ ಹೊಲಿದುಕೊಟ್ಟ ಕೋಟು. ಪಾತ್ರೆಯಿಂದ ಹೊರಗೆ ಬಂದಾಗ ಅದು ಒಂದು ಬೊಂಬೆಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತೋಳುಗಳನ್ನು ನೇರ ಮಾಡಿ, ಬಹಳ ಹೊತ್ತು ನೋಡಿದರು.

"ಇದನ್ನ ಇನ್ಯಾರಿಗೆ ಹಾಕೋದು? ಬೆಕ್ಕಿಗಾ?"

ನಮ್ಮ ಮನೆಯಲ್ಲಿ ಬೆಕ್ಕೂ ಇಲ್ಲ. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು.

ಇಷ್ಟಾದರೂ ಕೈ ಗುಣವಾಗಲಿಲ್ಲ. ಬದಲಿಗೆ ಇನ್ನೂ ಕೆಂಪಾಯಿತು. ಹುಳಗಳು ಮೊಂಡು ಜಾತಿಯವು ಎಂದು ತೀರ್ಮಾನಿಸಿ, ನೆಲ ಒರೆಸುವ ದ್ರಾವಣದ ಬಾಟಲಿಯನ್ನೇ ಕೈಗೆತ್ತಿಕೊಂಡೆ. ಎದ್ದಾಗ ತೊಳೆದೆ, ಕೂತಾಗ ತೊಳೆದೆ, ಕದ ಮುಟ್ಟಿದರೆ ತೊಳೆದೆ, ತೊಳೆದ ಮೇಲೆ ನಲ್ಲಿ ಮುಟ್ಟಿದೆನಲ್ಲ ಎಂದು ಮತ್ತೆ ತೊಳೆದೆ. ಒಬ್ಬರ ಹಿಂದೆ ಕೈ ತೊಳೆದುಕೊಂಡು ಬೀಳುವುದು ಎಂದು ಜನ ಬರೀ ಬಾಯಲ್ಲಿ ಹೇಳುತ್ತಾರೆ. ನಾನು ದಿನಕ್ಕೆ ನಲವತ್ತು ಸಲ ಅಕ್ಷರಶಃ ಮಾಡಿ ತೋರಿಸಿದೆ!

ಇದೇ ಸಮಯಕ್ಕೆ ನಮ್ಮ ಗ್ರಂಥಾಲಯಕ್ಕೆ ನೂರು ವರ್ಷ ತುಂಬುವ ಸಂಭ್ರಮ ಹತ್ತಿರ ಬಂದಿತ್ತು. ಅದಕ್ಕೊಂದು ಪ್ರದರ್ಶನ. ಪ್ರದರ್ಶನದ ಕಣ್ಮಣಿ ಒಂದು ಹಕ್ಕಿ ಪುಸ್ತಕ. ಬಹಳ ಹಿಂದೆ ಒಬ್ಬ ಶಾಲಾ ಉಪಾಧ್ಯಾಯಿನಿ ತಾನು ಕಂಡ ಇನ್ನೂರು ಹಕ್ಕಿಗಳನ್ನು ಕೈಯಾರೆ ಬರೆದು ಬಣ್ಣ ತುಂಬಿದ್ದು. ಇಡೀ ಪ್ರಪಂಚದಲ್ಲಿ ಒಂದೇ ಪ್ರತಿ. ಅದರ ಬೆನ್ನು ಮುರಿದು, ಹೊಲಿಗೆ ಬಿಟ್ಟು, ಹಕ್ಕಿಗಳೆಲ್ಲ ಹಾರಿಹೋಗಲು ತಯಾರಾಗಿದ್ದವು. ಗ್ರಂಥಾಲಯದ ಮುಖ್ಯಸ್ಥೆ ಅದನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮೇಜಿನ ಮೇಲಿಟ್ಟರು.

"ಐದು ವಾರ ಇದೆ. ಇದನ್ನ ಹೊರಗಿನವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ. ನಿಮ್ಮ ಕೈಮೇಲೆ ನಂಬಿಕೆ ಇಟ್ಟಿದ್ದೀನಿ."

ಆ ಕೈಗಳನ್ನು ನಾನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದೆ.

ಎಷ್ಟು ದಿನ ಅಡಗಿಸಲಾದೀತು? ಪುಸ್ತಕ ಕೊಡುವ ಕೌಂಟರಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರಿದ್ದಾರೆ. ಅವರಿಗೆ ನಾವಿಟ್ಟಿರುವ ಹೆಸರು ಡಂಗುರ. ಅವರು ನನ್ನ ಕೈ ಕಂಡು ಏನಾಯಿತೆಂದು ಕೇಳಿದರು. ನಾನು ಅವರ ಕಿವಿಯಲ್ಲಿ ಪರಮ ಗುಟ್ಟಾಗಿ, "ಯಾರಿಗೂ ಹೇಳಬೇಡಿ, ಕಜ್ಜಿ" ಎಂದೆ. ಊಟದ ಹೊತ್ತಿಗೆ ಮಕ್ಕಳ ವಿಭಾಗಕ್ಕೆ ತಲುಪಿತ್ತು. ಮೂರು ಗಂಟೆಗೆ ಓದುಗರು ಬರತೊಡಗಿದರು. ಒಬ್ಬರು ಕಾದಂಬರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ತಂದಿದ್ದರು. ಇನ್ನೊಬ್ಬರು ನಿಘಂಟನ್ನು ಇಕ್ಕಳದಲ್ಲಿ ಹಿಡಿದು ತಂದರು. ವ್ಯಾಕರಣದ ನಿವೃತ್ತ ಮೇಷ್ಟ್ರೊಬ್ಬರು, "ನಾನು ಈ ಪುಸ್ತಕ ಎದೆ ಮೇಲಿಟ್ಟುಕೊಂಡು ನಿದ್ದೆ ಮಾಡಿದ್ದೀನಲ್ಲಪ್ಪಾ!" ಎಂದು ಅಳುವುದೊಂದು ಬಾಕಿ. ಮರುದಿನ ಆಡಳಿತ ಸಮಿತಿಯ ಸಭೆ. ಸಭೆ ಪೂರ್ತಿ ಕೆರೆದುಕೊಂಡೇ ನಡೆಯಿತಂತೆ. ಎರಡು ದಿನ ಗ್ರಂಥಾಲಯಕ್ಕೆ ಬೀಗ! ಮುಖವಾಡ ತೊಟ್ಟ ನಾಲ್ವರು ಬಂದು ಕಪಾಟು ಕಪಾಟಿಗೂ ಹೊಗೆ ಹಾಕಿದರು. ನೂರು ವರ್ಷದಲ್ಲಿ ಬೆಂಕಿಗೂ ಪ್ರವಾಹಕ್ಕೂ ಮುಚ್ಚದ ಬಾಗಿಲು ನನ್ನ ಬೆರಳ ಸಂದಿಗೆ ಮುಚ್ಚಿತು.

ಬೀಗ ಹಾಕಿದ ಎರಡನೆಯ ದಿನ ಬೆಳಿಗ್ಗೆ ನನಗೆ ಚಳಿ ಬಂತು. ಬಲಗೈ ಊದಿಕೊಂಡು ಬೆರಳು ಮಡಚಲು ಬರಲಿಲ್ಲ. ಒಡೆದ ಗುಳ್ಳೆಗಳ ಮೇಲೆ ಜೇನಿನ ಬಣ್ಣದ ಹಕ್ಕಳೆ. ಅದರಡಿ ಕೀವು. ಕಂಕುಳಲ್ಲಿ ನಿಂಬೆಕಾಯಿಯಂಥ ಗಡ್ಡೆ. ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದು ಕೆಂಪು ಗೆರೆ, ಯಾರೋ ಪೆನ್ನಿನಿಂದ ಎಳೆದ ಹಾಗೆ, ಮೇಲಕ್ಕೆ ಹೊರಟಿತ್ತು. ವಿಷಯ ಕೈಮೀರುವುದು ಎಂದರೆ ಏನೆಂದು ಕಣ್ಣಾರೆ ಕಂಡೆ.

ಹೆಂಡತಿ ಕಾರಿನ ಕೀಲಿ ತೆಗೆದುಕೊಂಡಳು. "ಹತ್ತಿ."

"ಇವತ್ತೊಂದು ದಿನ ನೋಡೋಣ ಕಣೆ..."

"ಹತ್ತಿ ಅಂದೆ."

ಹತ್ತಿದೆ. ದಾರಿಯುದ್ದಕ್ಕೂ ನಾನು ಹುಳದ ಬಗ್ಗೆ ಯೋಚಿಸಲಿಲ್ಲ, ಪ್ರತಿಜ್ಞೆಯ ಬಗ್ಗೆಯೂ ಇಲ್ಲ. ಈ ಬೆರಳುಗಳಲ್ಲಿ ಇನ್ನೊಮ್ಮೆ ಸೂಜಿ ಹಿಡಿಯಲಾಗದಿದ್ದರೆ ಏನು ಮಾಡುವುದು ಎಂದಷ್ಟೇ ಯೋಚಿಸಿದೆ. ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಹೆಂಡತಿಗೆ ಅದು ಗೊತ್ತಿತ್ತೇನೋ. ಒಂದು ಕೈ ಸ್ಟಿಯರಿಂಗ್ ಮೇಲಿಟ್ಟು ಇನ್ನೊಂದು ಕೈಯನ್ನು ನನ್ನ ಮೊಣಕಾಲ ಮೇಲಿಟ್ಟಳು. ಹಾಗೆ ಓಡಿಸಬಾರದು ಎಂದು ದಿನವೂ ಪಾಠ ಹೇಳುವವಳು!

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಎರಡೂ ಕೈಗಳನ್ನು ದೀಪದಡಿ ಇಡಿಸಿಕೊಂಡು ಕೇಳಿದರು. "ಇದುವರೆಗೆ ಏನೇನು ಹಚ್ಚಿದ್ದೀರಿ?"

ನಾನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ಹಾಳೆ ತುಂಬಿತು. ಮಗುಚಿ ಬರೆದರು.

"ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ?"

"ಎಲ್ಲರಿಗೂ ಇದೆ!" ಎಂದೆ.

"ಇವರು ಭಾಷಣ ಮಾಡಿದ ಮೇಲೆ ಶುರುವಾಗಿದ್ದು, ಡಾಕ್ಟ್ರೇ" ಎಂದಳು ಹೆಂಡತಿ.

ಡಾಕ್ಟರು ದೀಪವಿರುವ ಮಸೂರವೊಂದನ್ನು ಹಿಡಿದು ಒಂದೊಂದು ಸಂದಿಯನ್ನೂ ಪರೀಕ್ಷಿಸಿದರು. ನಾನು ಹುಳದ ವರ್ಣನೆ ಮಾಡುತ್ತಲೇ ಇದ್ದೆ. ಒಂದು ಹಂತದಲ್ಲಿ ಅವರೂ ಕಿವಿಯ ಹಿಂದೆ ಕೆರೆದುಕೊಂಡರು. ಆಮೇಲೆ ಮಸೂರ ಕೆಳಗಿಟ್ಟರು.

"ಹುಳವೂ ಇಲ್ಲ, ಸುರಂಗವೂ ಇಲ್ಲ. ಇದು ಇಸುಬು. ಎಕ್ಸಿಮಾ ಅಂತೀವಿ. ಯಾರಿಂದಲೂ ನಿಮಗೆ ಬಂದಿಲ್ಲ, ನಿಮ್ಮಿಂದ ಯಾರಿಗೂ ಹೋಗಲ್ಲ."

ಬೊಂಬೆಯ ಅಳತೆಯ ಕೋಟು ನನ್ನ ಕಣ್ಣ ಮುಂದೆ ತೋಳು ಚಾಚಿ ನಿಂತಿತು.

"ಇಸುಬಿನಿಂದ ಈ ಜ್ವರ ಬಂದಿಲ್ಲ. ಕೆರೆದು ಒಡೆದ ಚರ್ಮದೊಳಗೆ ಬ್ಯಾಕ್ಟೀರಿಯಾ ಹೊಕ್ಕು ಕೀವಾಗಿದೆ. ಈ ಕೆಂಪು ಗೆರೆ ಇದೆಯಲ್ಲ, ಸೋಂಕು ಮೇಲೆ ಹತ್ತುತ್ತಾ ಇದೆ ಅಂತ ಅರ್ಥ. ಇನ್ನೆರಡು ದಿನ ಕಳೆದಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಬೇಕಾಗ್ತಿತ್ತು. ಅದಿರಲಿ, ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ?"

ಇದೊಂದು ಪ್ರಶ್ನೆಗಾದರೂ ಪೂರ್ತಿ ಅಂಕ ಸಿಗಲೆಂದು ಎದೆಯುಬ್ಬಿಸಿ, "ನಲವತ್ತು!" ಎಂದೆ.

"ಯಾವುದರಲ್ಲಿ?"

"ನೆಲ ಒರೆಸುವ ದ್ರಾವಣದಲ್ಲಿ. ನೂರಕ್ಕೆ ತೊಂಬತ್ತೊಂಬತ್ತು ಕ್ರಿಮಿ ಸಾಯುತ್ತವೆ ಅಂತ ಬಾಟಲಿ ಮೇಲೇ ಬರೆದಿದೆ."

"ಕೈಗೆ ತಾಗಿಸಬೇಡಿ ಅಂತಲೂ ಬರೆದಿರುತ್ತೆ, ಸ್ವಲ್ಪ ಕೆಳಗೆ."

ನಾನು ಕೆಳಗೆ ಓದಿರಲಿಲ್ಲ.

"ನೋಡಿ, ಚರ್ಮದ ಮೇಲೆ ಒಂದು ಜಿಡ್ಡಿನ ಪದರ ಇರುತ್ತೆ. ನೀವು ಅದನ್ನ ದಿನಾ ನಲವತ್ತು ಸಲ ತೊಳೆದು ಹಾಕಿದ್ದೀರಿ. ತೊಳೆಯೋದು ಕಡಿಮೆ ಮಾಡಿ. ದಪ್ಪಗಿರೋ ಜಿಡ್ಡಿನ ಮುಲಾಮು ಹಚ್ತಾ ಇರಿ. ನಿಮ್ಮ ಅಂಟಿನ ಮೇಲೂ ನನಗೆ ಅನುಮಾನ ಇದೆ, ಸದ್ಯ ಮುಟ್ಟಬೇಡಿ."

"ನಮ್ಮಮ್ಮ ತಿಂಗಳ ಹಿಂದೇನೇ ಇದೇ ಮಾತು ಹೇಳಿದ್ರು" ಎಂದಳು ಹೆಂಡತಿ.

ಡಾಕ್ಟರು ಆಸಕ್ತಿಯಿಂದ ತಲೆಯೆತ್ತಿದರು. "ಅವರೂ ಚರ್ಮದ ಡಾಕ್ಟರಾ?"

"ಇಲ್ಲ. ಬ್ಯಾಗು ಹೊಲೀತಿದ್ರು."

ಕೀವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರದ ಆ್ಯಂಟಿಬಯಾಟಿಕ್ ಮಾತ್ರೆ ಬರೆದರು. ಕೆಂಪು ಎಲ್ಲಿಯವರೆಗಿದೆಯೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ, "ಇದನ್ನು ದಾಟಿದರೆ ಯಾವ ಹೊತ್ತಾದರೂ ಸರಿ, ನೇರ ಆಸ್ಪತ್ರೆಗೆ ಬನ್ನಿ" ಎಂದರು. ಕೊನೆಗೆ ಸ್ಟೀರಾಯ್ಡ್ ಮುಲಾಮು ಬರೆಯುತ್ತಿದ್ದಂತೆ ನನ್ನೊಳಗಿನ ಪಂಡಿತ ಜ್ವರದಲ್ಲೂ ಎದ್ದು ಕೂತ.

"ಸ್ಟೀರಾಯ್ಡ್! ಚರ್ಮ ತೆಳ್ಳಗಾಗುತ್ತಂತಲ್ಲ! ನಾನು ಓದಿದ್ದೀನಿ!"

"ತಿಂಗಳುಗಟ್ಟಲೆ ಮನಸ್ಸಿಗೆ ಬಂದ ಹಾಗೆ ಹಚ್ಚಿದರೆ ಆಗುತ್ತೆ. ನಾನು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ. ತೋರುಬೆರಳಿನ ಮೊದಲ ಗಿಣ್ಣಿನಷ್ಟುದ್ದ ಹಿಂಡಿದರೆ ಒಂದು ಕೈಗೆ ಸಾಕು." ಆಮೇಲೆ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಅಳತೆ ನೀವೇ ನೋಡ್ಕೊಳ್ಳಿ."

ಎರಡೂ ಕೈಗೆ ಬ್ಯಾಂಡೇಜು! ಬಾಗಿಲು ತೆಗೆಯಲು ಮೊಣಕೈ, ಪುಟ ತಿರುಗಿಸಲು ಮೂಗು. ಊಟ ಹೆಂಡತಿಯ ಕೈಯಿಂದ. ಅವಳು ಕಲಿಯುವವರಿಗೆ ಹೇಳುವ ಧಾಟಿಯಲ್ಲೇ, "ಬಾಯಿ ತೆಗೀರಿ, ನಿಧಾನ, ನಿಧಾನ, ಈಗ ಮುಚ್ಚಿ" ಎನ್ನುತ್ತಿದ್ದಳು. ಕೆಂಪು ಗೆರೆ ಪೆನ್ನಿನ ಗುರುತಿನಿಂದ ದಿನಕ್ಕಿಷ್ಟು ಹಿಂದೆ ಸರಿಯಿತು. ಜ್ವರ ಬಿಟ್ಟಿತು. ಬಿಡದೇ ಹೋದದ್ದು ಹಕ್ಕಿ ಪುಸ್ತಕದ ಚಿಂತೆ. ಮೂರು ವಾರ ಉಳಿದಿತ್ತು. ಮುಖ್ಯಸ್ಥೆ ಫೋನ್ ಮಾಡಿ, "ನಿಮ್ಮ ತಪ್ಪೇನಿಲ್ಲ ಬಿಡಿ, ಹೊರಗೆ ಕೊಟ್ಟುಬಿಡ್ತೀನಿ" ಎಂದಾಗ, ಹುಳವಿಲ್ಲದ ಕೈ ಒಳಗೊಳಗೇ ಕಚ್ಚಿತು. "ಎರಡು ದಿನ ಟೈಮ್ ಕೊಡಿ" ಎಂದು ಅಂಗಲಾಚಿದೆ.

ಮರುದಿನ ಗ್ರಂಥಾಲಯಕ್ಕೆ ಹೋದೆ. ಒಳಗೊಂದು ಸಿಟ್ಟು ಕುದಿಯುತ್ತಿತ್ತು. ಅಷ್ಟು ದಪ್ಪದ ವಿಶ್ವಕೋಶದಲ್ಲಿ ಇಸುಬಿನ ಬಗ್ಗೆ ಒಂದು ಸಾಲೂ ಇಲ್ಲವೇ? ಬರೆದವರ ಮಾನ ಹರಾಜು ಹಾಕಬೇಕು! ಮೊದಲ ಸಂಪುಟ ತೆಗೆದು ಮೂಗಿನಿಂದ ಪುಟ ತಿರುಗಿಸಿದೆ. 'ಆ' ಮುಗಿದ ಕೂಡಲೇ 'ಉ'. ನಡುವೆ ಹದಿನಾರು ಪುಟ ಮಾಯ! ಉಳಿದವನ್ನೂ ಮಗುಚಿ ನೋಡಿದರೆ ಮೂರನೆಯ ಸಂಪುಟದಲ್ಲಿ, ಮೂತ್ರಪಿಂಡಕ್ಕೂ ಮೂಳೆಗೂ ನಡುವೆ, ಇಸುಬು ತಣ್ಣಗೆ ಕುಳಿತಿತ್ತು. ಚಿತ್ರ ಸಮೇತ! ಚಿತ್ರದಲ್ಲಿದ್ದದ್ದು ನನ್ನದೇ ಕೈ ಅನ್ನಬೇಕು. 'ಕಜ್ಜಿಯೆಂದು ಭ್ರಮಿಸಬಾರದು' ಎಂಬ ವಾಕ್ಯವೂ ಇತ್ತು. ಈ ಪುಟಗಳನ್ನು ಯಾವ ಕತ್ತೆ ಇಲ್ಲಿ ಹೊಲಿಯಿತು ಎಂದು ಗುಡುಗುತ್ತಾ ಕೊನೆಯ ಪುಟದ ದುರಸ್ತಿ ಚೀಟಿ ನೋಡಿದೆ. ದಿನಾಂಕ ಒಂಬತ್ತು ವರ್ಷ ಹಿಂದಿನದು. ಸಹಿ ನನ್ನದು.

ಕೈಗೆ ಮದ್ದು ಮಾಡಿದ ಹಾಗೆಯೇ ಪುಸ್ತಕಕ್ಕೂ ಮಾಡಿದ್ದೆ. ಹಕ್ಕಿ ಪುಸ್ತಕವನ್ನು ಉಳಿಸಬಲ್ಲವರು ನನಗೆ ಗೊತ್ತಿದ್ದವರಲ್ಲಿ ಒಬ್ಬರೇ ಇದ್ದರು. ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಸಂಜೆ ಅತ್ತೆಯ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಟ್ಟಿದೆ.

"ಅತ್ತೆ, ಒಂದು ಪುಸ್ತಕ ಹೊಲಿಯಬೇಕಿತ್ತು. ನೂರೈವತ್ತು ಹಾಳೆ, ಹಳೇ ಕಾಗದ, ಚರ್ಮದ ಹೊದಿಕೆ. ನನ್ನ ಕೈಲಿ ಆಗೋದಿಲ್ಲ."

ಅವರು ಕನ್ನಡಕ ಒರೆಸಿಕೊಂಡರು. "ಅದಕ್ಕೆ ಮುಂಚೆ ಹೇಳ್ಬೇಕಾದ್ದು ಏನೂ ಇಲ್ವಾ?"

ಇತ್ತು. ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. "ನಿಮ್ಮಿಂದ ಬಂತು ಅಂತ ಹೇಳಿದ್ದು ತಪ್ಪಾಯ್ತು. ಕೋಟು ಹಾಳು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಅದನ್ನ ನನ್ನಿಂದ ವಾಪಸ್ ತಂದುಕೊಡೋಕೆ ಆಗೋದೂ ಇಲ್ಲ" ಎಂದೆ. ಕೈಮುಗಿಯಲು ನೋಡಿದೆ. ಎರಡು ದಪ್ಪ ಬ್ಯಾಂಡೇಜುಗಳು ಡಿಕ್ಕಿ ಹೊಡೆದುಕೊಂಡವು.

ಅತ್ತೆಯ ತುಟಿಯ ತುದಿ ಅಲುಗಿತು. "ಸಾಕು, ಸಾಕು. ಹಕ್ಕಳೆ ಕಿತ್ತುಬಂದೀತು. ನಾಳೆ ಎಷ್ಟು ಗಂಟೆಗೆ ಹೋಗ್ಬೇಕು?"

ಪುಟ ಹಿಡಿಯುವ ಸಹಾಯಕ್ಕೆ ಅತ್ತೆ ಬರುತ್ತಾರೆ ಎಂದಷ್ಟೇ ಮುಖ್ಯಸ್ಥೆಗೆ ಹೇಳಿದೆ. ಮುಂದಿನ ಎರಡು ವಾರ ನಾನು ನೋಡಿದಂಥ ಕೆಲಸವನ್ನು ಹಿಂದೆಂದೂ ಕಂಡಿರಲಿಲ್ಲ. ಡಬ್ಬಿಯ ಅಂಟು ಬೇಡವೆಂದು ಹಿಟ್ಟನ್ನು ನೀರಲ್ಲಿ ಕಾಯಿಸಿ ಅಂದಂದಿಗೆ ಬೇಕಾದಷ್ಟೇ ಅಂಟು ಮಾಡಿದರು. ಹಳೆಯ ಹೊಲಿಗೆಯ ತೂತಿಗೇ ಸೂಜಿ ಹಾಕಿ, ಕಾಗದಕ್ಕೆ ನೋವಾಗದ ಹಾಗೆ ದಾರ ಎಳೆದರು. ನಾನು ಪಕ್ಕದಲ್ಲಿ ನಿಂತು ಪುಟಗಳ ಕ್ರಮ ಹೇಳುತ್ತಿದ್ದೆ. ಅವರು ನನ್ನ ಮಾತು ಕೇಳಿ, ಆಮೇಲೆ ತಾವೂ ಒಮ್ಮೆ ಎಣಿಸುತ್ತಿದ್ದರು. ವಿಶ್ವಕೋಶದ ಸಂಗತಿಯನ್ನು ನಾನೇ ಬಾಯಿಬಿಟ್ಟಿದ್ದೆ. ದಡ್ಡ!

ಕೈ ಒಣಗಿದ ಮೇಲೆ ಡಾಕ್ಟರು ನನ್ನ ಬೆನ್ನ ಮೇಲೆ ನಲವತ್ತು ಪುಟ್ಟ ಬಿಲ್ಲೆಗಳನ್ನು ಅಂಟಿಸಿದರು. ಒಂದೊಂದರಲ್ಲಿ ಒಂದೊಂದು ಪದಾರ್ಥ. ಯಾವುದರ ಕೆಳಗೆ ಚರ್ಮ ಕೆಂಪಾಗುತ್ತದೋ ಅದೇ ಕಳ್ಳ. ಎರಡು ದಿನ ಬೆನ್ನಿಗೆ ನೀರು ಸೋಕಿಸುವಂತಿಲ್ಲ, ಕೆರೆಯುವಂತಿಲ್ಲ. ಅತ್ತೆ ಹಿಂದಿನಿಂದ ನೋಡಿ, "ಗುಂಡಿ ಹೊಲಿದಿದ್ದಾರೆ, ಕಾಜ ಮರೆತಿದ್ದಾರೆ" ಎಂದರು. ಬಿಲ್ಲೆ ಕಿತ್ತು, ಮತ್ತೆರಡು ದಿನ ಬಿಟ್ಟು ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಅಂಟು ಕೆಡದಿರಲೆಂದು ಡಬ್ಬಿಯಲ್ಲಿ ಬೆರೆಸುವ ಒಂದು ರಾಸಾಯನಿಕ. ಆ ನೆಲ ಒರೆಸುವ ದ್ರಾವಣದಲ್ಲೂ ಅದೇ ಇತ್ತು! ಅಂದರೆ ಯಾವುದು ನನಗೆ ವಿಷವೋ ಅದನ್ನೇ ದಿನಕ್ಕೆ ನಲವತ್ತು ಸಲ ಭಕ್ತಿಯಿಂದ ಹಚ್ಚಿಕೊಂಡಿದ್ದೆ.

"ಇಸುಬು ಪೂರ್ತಿ ಹೋಯ್ತು ಅಂತ ಮೆರೀಬೇಡಿ" ಎಂದು ಡಾಕ್ಟರು ಎಚ್ಚರಿಸಿದರು. "ಆ ರಾಸಾಯನಿಕ ಮುಟ್ಟಿದರೆ ಮತ್ತೆ ಬರುತ್ತೆ. ಮುಲಾಮು ಬಿಡಬೇಡಿ. ಕೆಲಸಕ್ಕೆ ಹತ್ತಿಯ ಕೈಗವಸು ಹಾಕ್ಕೊಳ್ಳಿ."

ಪ್ರದರ್ಶನದ ದಿನ ಹಕ್ಕಿ ಪುಸ್ತಕ ಗಾಜಿನ ಪೆಟ್ಟಿಗೆಯಲ್ಲಿ ರೆಕ್ಕೆ ಬಿಚ್ಚಿ ಕುಳಿತಿತ್ತು. ಜನ ಮುಗಿಬಿದ್ದು ನೋಡಿದರು. ಮುಖ್ಯಸ್ಥೆ ಎಲ್ಲರೆದುರು ನನ್ನ ಕಡೆ ತಿರುಗಿ, "ಇಪ್ಪತ್ತೆರಡು ವರ್ಷದಲ್ಲಿ ನೀವು ಮಾಡಿದ ಕೆಲಸಗಳಲ್ಲೆಲ್ಲ ಇದೇ ಅತ್ಯುತ್ತಮ!" ಎಂದರು. ನಿಜ ಹೇಳುತ್ತೇನೆ, ಒಂದು ಕ್ಷಣ, ಒಂದೇ ಒಂದು ಕ್ಷಣ, ನನ್ನ ತಲೆ ವಿನಯದಿಂದ ಬಾಗಲು ಸಿದ್ಧವಾಗಿತ್ತು. ಪಕ್ಕದಲ್ಲಿ ಹೆಂಡತಿಯ ಕಾಲು ನನ್ನ ಕಾಲನ್ನು ಒತ್ತಿತು. ಬ್ರೇಕ್!

"ಮೇಡಂ, ಅದನ್ನ ಹೊಲಿದದ್ದು ನಮ್ಮ ಅತ್ತೆ" ಎಂದೆ.

ಮುಖ್ಯಸ್ಥೆ ಅಲ್ಲಿಂದ ನೇರ ಅತ್ತೆಯ ಬಳಿ ಹೋದರು. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಆದರೆ ಮುಂದಿನ ಸೋಮವಾರ ನಮ್ಮ ದುರಸ್ತಿ ವಿಭಾಗಕ್ಕೆ ಅತ್ತೆಗೆಂದು ಎರಡನೆಯ ಕುರ್ಚಿ ಬಂತು. ಕಿಟಕಿಯ ಬೆಳಕು ಬೀಳುವ ಜಾಗ ಅದಕ್ಕೇ ಬೇಕೆಂದು ನನ್ನ ಕುರ್ಚಿಯನ್ನು ಗೋಡೆಗೆ ಸರಿಸಿದರು.

ಮೊನ್ನೆ ಒಬ್ಬ ಹಿರಿಯರು ತಮ್ಮ ಹರಿದ ಅಡುಗೆ ಪುಸ್ತಕ ಹಿಡಿದುಕೊಂಡು ಬಂದರು. ಬಿಳಿ ಕೈಗವಸು ತೊಟ್ಟು ಗೋಡೆಯ ಪಕ್ಕ ಕುಳಿತಿದ್ದ ನನ್ನನ್ನು ಕಂಡು, ಗೌರವದಿಂದ ದನಿ ತಗ್ಗಿಸಿ ಅತ್ತೆಯನ್ನು ಕೇಳಿದರು.

"ಇವರೇನಾ ಈ ವಿಭಾಗದ ಮುಖ್ಯಸ್ಥರು?"

ಅತ್ತೆ ಸೂಜಿಯಿಂದ ಕಣ್ಣೆತ್ತದೆ ಹೇಳಿದರು.

"ಅಲ್ಲ, ಅವರು ನಮ್ಮ ಅಳಿಯಂದಿರು. ಕೆಲಸ ಕಲೀತಾ ಇದ್ದಾರೆ, ಪಾಪ. ಇನ್ನೂ ಏನನ್ನೂ ಮುಟ್ಟೋಕೆ ಬಿಟ್ಟಿಲ್ಲ."